ಸೈಕಲ್ ರಿಪೇರಿ ಸ್ಟ್ಯಾಂಡ್ ಕೊಳ್ಳುವ ಮುಂಚೆ ನಿಮ್ಮ ಸೀಟ್ ಪೋಸ್ಟ್ ನೋಡಿ

ಹಿಂದಿನ ಗೇರ್ ಸರಿಯಾಗಿ ಬೀಳುತ್ತಿಲ್ಲ, ಮನೆಯಲ್ಲೇ ಸರಿ ಮಾಡೋಣ ಎಂದು ಕೂರುತ್ತೀರಿ. ಒಂದು ಕೈ ಪೆಡಲ್ ತಿರುಗಿಸಬೇಕು. ಇನ್ನೊಂದು ಕೈ ಗೇರ್ ಬದಲಿಸುವ ಶಿಫ್ಟರ್ ಒತ್ತಬೇಕು. ನಡುನಡುವೆ ಡಿರೈಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಹತ್ತಿರದ ತಿರುಪನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತಿರಬೇಕು. ಇಷ್ಟೂ ಹೊತ್ತು ಹಿಂದಿನ ಚಕ್ರ ನೆಲಕ್ಕೆ ತಾಗದೆ ಸುತ್ತುತ್ತಿರಬೇಕು. ಸೈಕಲ್ಲನ್ನು ಗೋಡೆಗೆ ಒರಗಿಸಿಕೊಂಡು ಈ ಕೆಲಸ ಮಾಡಲು ಆಗುವುದಿಲ್ಲ.

ಅದಕ್ಕೇ ಬಹಳಷ್ಟು ಜನ ಸೈಕಲ್ಲನ್ನು ತಲೆಕೆಳಗು ಮಾಡುತ್ತಾರೆ. ಪಂಕ್ಚರ್ ಹಾಕಲು ಅದು ಸಾಕು. ಗೇರ್ ಕೆಲಸಕ್ಕೆ ಸಾಲದು. ಶಿಫ್ಟರ್ ನೆಲದ ಕಡೆ ಹೋಗಿರುತ್ತದೆ, ಡಿರೈಲರ್ ಉಲ್ಟಾ ಕಾಣುತ್ತದೆ, ಸೀಟು, ಲಿವರು, ಬೆಲ್ಲು ಎಲ್ಲ ನೆಲಕ್ಕೆ ಉಜ್ಜುತ್ತವೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಇನ್ನೊಂದು ತೊಂದರೆ. ಬ್ರೇಕ್ ಲಿವರಿನೊಳಗೆ ಎಣ್ಣೆ ತುಂಬಿದ ಪುಟ್ಟ ಜಾಗ ಇರುತ್ತದೆ. ಅಲ್ಲಿ ಸ್ವಲ್ಪ ಗಾಳಿ ಸೇರಿಕೊಂಡಿದ್ದರೂ ಸೈಕಲ್ ನೆಟ್ಟಗಿರುವಾಗ ಅದು ಮೇಲೇ ಉಳಿಯುತ್ತದೆ. ತಲೆಕೆಳಗು ಮಾಡಿದರೆ ಆ ಗಾಳಿ ಪೈಪಿನೊಳಗೆ ಹತ್ತುತ್ತದೆ. ಆಮೇಲೆ ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೂ ಬಂದುಬಿಡುತ್ತದೆ. ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು, ಲಿವರನ್ನು ಹಲವು ಸಲ ಒತ್ತಿದರೆ ಸರಿಹೋಗಬಹುದು. ಹೋಗದಿದ್ದರೆ ಬ್ಲೀಡ್ ಮಾಡಿಸಬೇಕು, ಅಂದರೆ ಸೇರಿಕೊಂಡ ಗಾಳಿಯನ್ನು ಹೊರತೆಗೆಸಬೇಕು.

ಹಾಗಾಗಿ ಮನೆಯಲ್ಲಿ ಸೈಕಲ್ ನೋಡಿಕೊಳ್ಳುವವರಿಗೆ ಸ್ಟ್ಯಾಂಡ್ ಬೇಕು. ಆದರೆ ಹೆಚ್ಚಿನವರು ಸ್ಟ್ಯಾಂಡನ್ನು ಬೆಲೆಯಿಂದ ಆರಿಸುತ್ತಾರೆ, ಇಲ್ಲವೇ ವಿಡಿಯೊದಲ್ಲಿ ಕಂಡದ್ದನ್ನೇ ಹುಡುಕುತ್ತಾರೆ. ಅದು ಹಿಂದುಮುಂದಾದ ಕ್ರಮ ಅಂತ ನನ್ನ ಅಭಿಪ್ರಾಯ. ಮೊದಲು ನೋಡಬೇಕಾದದ್ದು ನಿಮ್ಮ ಸೈಕಲ್ಲನ್ನು. ಅದನ್ನು ಎಲ್ಲಿ ಹಿಡಿದರೆ ಏನೂ ಕೆಡುವುದಿಲ್ಲ ಎಂದು ಗೊತ್ತಾದರೆ ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.

ಮೊದಲ ಹೆಜ್ಜೆ: ಯಾವ ಕೆಲಸಕ್ಕೆ ಬೇಕು?

ಚೈನ್ ತೊಳೆದು ಎಣ್ಣೆ ಹಾಕುವುದು, ಗೇರ್ ಹೊಂದಿಸುವುದು: ನಿಮ್ಮ ಕೆಲಸ ಇಷ್ಟೇ ಆಗಿದ್ದರೆ ದೊಡ್ಡ ಸ್ಟ್ಯಾಂಡ್ ಬೇಕಾಗಿಲ್ಲ. ಹಿಂದಿನ ಚಕ್ರದ ಪಕ್ಕದಲ್ಲಿ ನಿಲ್ಲಿಸುವ ಸಣ್ಣ ಸ್ಟ್ಯಾಂಡ್ ಸಿಗುತ್ತದೆ. ಅದರ ಎರಡು ಕೊಕ್ಕೆಗಳು ಫ್ರೇಮಿನ ಹಿಂಭಾಗದ ಕೊಳವೆಗಳನ್ನು ಹಿಡಿದು ಚಕ್ರವನ್ನು ನೆಲದಿಂದ ಒಂದೆರಡು ಇಂಚು ಎತ್ತುತ್ತವೆ. ಬೆಲೆ ಕಡಿಮೆ. ಮಡಚಿ ಮಂಚದ ಕೆಳಗೆ ತಳ್ಳಬಹುದು. ಮಣೆ ಹಾಕಿಕೊಂಡು ಕೂತು ಕೆಲಸ ಮಾಡುವ ಅಭ್ಯಾಸ ನಿಮಗಿದ್ದರೆ ಇದು ಬಹಳ ಅನುಕೂಲ, ಏಕೆಂದರೆ ಡಿರೈಲರ್ ಕಣ್ಣೆದುರಿಗೇ ಇರುತ್ತದೆ. ಕೊಳ್ಳುವಾಗ ಕೊಕ್ಕೆಗಳ ಎತ್ತರ, ಅಗಲ ಎರಡನ್ನೂ ಬದಲಿಸಲು ಬರುತ್ತದೆಯೇ ನೋಡಿ. ಕ್ಯಾರಿಯರ್, ಮಡ್‌ಗಾರ್ಡ್ ಕಡ್ಡಿ ಅಥವಾ ಡಿಸ್ಕ್ ಬ್ರೇಕ್ ಅಡ್ಡ ಬಂದರೆ ಕೊಕ್ಕೆ ಕೂರುವುದಿಲ್ಲ. ಇದರ ದೊಡ್ಡ ಕೊರತೆ ಎಂದರೆ ಹಿಂದಿನ ಚಕ್ರ ಬಿಚ್ಚಿದ ಮೇಲೆ ಸೈಕಲ್ ಭದ್ರವಾಗಿ ನಿಲ್ಲುವುದಿಲ್ಲ. ಮುಂದಿನ ಚಕ್ರದ ಕೆಲಸಕ್ಕೂ ಉಪಯೋಗವಿಲ್ಲ.

ಹಳೆಯ ಕಪ್ಪು ಕಬ್ಬಿಣದ ಸೈಕಲ್ ಮನೆಯಲ್ಲಿದ್ದರೆ ಅದರ ಎರಡು ಕಾಲಿನ ಸ್ಟ್ಯಾಂಡೇ ಈ ಕೆಲಸ ಮಾಡುತ್ತದೆ. ಅದನ್ನು ಹಾಕಿದರೆ ಹಿಂದಿನ ಚಕ್ರ ತಾನಾಗಿ ಮೇಲೇಳುತ್ತದಲ್ವಾ? ಗೇರೇ ಇಲ್ಲದ ಆ ಸೈಕಲ್ಲಿಗೆ ಬೇರೆ ಸ್ಟ್ಯಾಂಡ್ ತರುವುದು ಸುಮ್ನೆ ಖರ್ಚು.

ಬ್ರೇಕ್ ಪ್ಯಾಡ್ ಬದಲಿಸುವುದು, ಕೇಬಲ್ ಎಳೆಯುವುದು, ಎರಡೂ ಚಕ್ರ ಬಿಚ್ಚಿ ಇಡೀ ಸೈಕಲ್ ತೊಳೆಯುವುದು, ರಿಮ್ಮಿನ ಬೆಂಡ್ ನೋಡುವುದು, ಇವೆಲ್ಲ ನೀವೇ ಮಾಡುತ್ತೀರಿ ಎಂದಾದರೆ ಸೈಕಲ್ಲನ್ನು ಪೂರ್ತಿ ಗಾಳಿಯಲ್ಲಿ ಎತ್ತಿ ಹಿಡಿಯುವ, ದವಡೆಯಂತೆ ಕಚ್ಚುವ ಕ್ಲಾಂಪ್ ಇರುವ ಸ್ಟ್ಯಾಂಡ್ ಬೇಕು. ಮುಂದಿನ ಹೆಜ್ಜೆಗಳು ಹೆಚ್ಚಾಗಿ ಅದರ ಬಗ್ಗೆಯೇ.

ಎರಡನೇ ಹೆಜ್ಜೆ: ಎಲ್ಲಿ ಹಿಡಿಯಬೇಕು?

ಕ್ಲಾಂಪ್ ಹಿಡಿಯಲು ಸೈಕಲ್ಲಿನಲ್ಲಿ ಅತಿ ಒಳ್ಳೆಯ ಜಾಗ ಸೀಟ್ ಪೋಸ್ಟ್, ಅಂದರೆ ಸೀಟನ್ನು ಹೊತ್ತು ಫ್ರೇಮಿನೊಳಗೆ ಇಳಿಯುವ ಕಂಬ. ಫ್ರೇಮಿನ ಕೊಳವೆಗಳು ಸವಾರನ ಭಾರ, ರಸ್ತೆಯ ಕುಲುಕಾಟ ತಡೆಯುವಂತೆ ಮಾಡಿದವು. ಹೊರಗಿನಿಂದ ಅದುಮಿ ಹಿಂಡುವ ಬಲಕ್ಕೆ ಮಾಡಿದವಲ್ಲ. ಈಗಿನ ಅಲ್ಯೂಮಿನಿಯಂ ಫ್ರೇಮುಗಳ ಮೇಲಿನ ಕೊಳವೆ ನಡುಭಾಗದಲ್ಲಿ ತೆಳುವಾಗಿರುತ್ತದೆ, ಗಟ್ಟಿಯಾಗಿ ಬಿಗಿದರೆ ತಗ್ಗು ಬೀಳುತ್ತದೆ. ಕಾರ್ಬನ್ ಫೈಬರ್ ಫ್ರೇಮಿನ ಕೊಳವೆಗಂತೂ ಕ್ಲಾಂಪ್ ಹಾಕಲೇಬಾರದು. ಹೊರಗೆ ಏನೂ ಕಾಣದೆ ಒಳಗಿನ ಪದರ ಬಿರುಕು ಬಿಡಬಹುದು. ಹಳೆಯ ದಪ್ಪ ಉಕ್ಕಿನ ಫ್ರೇಮನ್ನು ಬಟ್ಟೆ ಸುತ್ತಿ ಮೆಲ್ಲಗೆ ಹಿಡಿಯಬಹುದು, ಆದರೂ ಆ ಕೊಳವೆಯ ಕೆಳಗೆ ಓಡುವ ಬ್ರೇಕ್ ಕೇಬಲ್ ನಡುವೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು.

ಈಗ ನಿಮ್ಮ ಸೈಕಲ್ ಹತ್ತಿರ ಹೋಗಿ ಸೀಟ್ ಪೋಸ್ಟನ್ನು ಸರಿಯಾಗಿ ನೋಡಿ.

ಅದು ದುಂಡಗಿದೆಯೇ? ಹೆಚ್ಚಿನ ಸೈಕಲ್ಲುಗಳಲ್ಲಿ ದುಂಡಗೇ ಇರುತ್ತದೆ. ಸಾಮಾನ್ಯ ಅಳತೆಗಳು 27.2, 30.9 ಮತ್ತು 31.6 ಮಿಲಿಮೀಟರ್. ಅಳತೆಯನ್ನು ಪೋಸ್ಟಿನ ಕೆಳತುದಿಯ ಹತ್ತಿರ ಕೊರೆದಿರುತ್ತಾರೆ, ಹೊರಗೆ ಎಳೆದರೆ ಕಾಣುತ್ತದೆ. ಮಕ್ಕಳ ಸೈಕಲ್ಲಿನದು, ಹಳೆಯ ಸೈಕಲ್ಲಿನದು ಇದಕ್ಕಿಂತ ಸಣ್ಣ. ಸ್ಟ್ಯಾಂಡಿನ ವಿವರದಲ್ಲಿ ಕ್ಲಾಂಪ್ ಎಷ್ಟು ಸಣ್ಣದರಿಂದ ಎಷ್ಟು ದಪ್ಪದವರೆಗೆ ಹಿಡಿಯುತ್ತದೆ ಎಂದು ಬರೆದಿರುತ್ತಾರೆ. ಮನೆಯ ಎಲ್ಲ ಸೈಕಲ್ಲುಗಳೂ ಆ ಅಳತೆಯೊಳಗೆ ಬರಬೇಕು.

ಹೊರಗೆ ಎಷ್ಟು ಉದ್ದ ಕಾಣುತ್ತಿದೆ? ಸೀಟಿನ ಕೆಳಗೆ ಸುಮಾರು 10 ಸೆಂಟಿಮೀಟರ್ ಖಾಲಿ ಜಾಗ ಇದ್ದರೆ ಹೆಚ್ಚಿನ ಕ್ಲಾಂಪ್‌ಗಳು ಆರಾಮಾಗಿ ಕೂರುತ್ತವೆ. ಎತ್ತರ ಕಡಿಮೆ ಇರುವವರ ಸೈಕಲ್ಲಿನಲ್ಲಿ ಸೀಟು ಫ್ರೇಮಿಗೆ ಹತ್ತಿರವೇ ಇರುತ್ತದೆ. ಆಗ ಕೆಲಸಕ್ಕೆ ಮುಂಚೆ ಪೋಸ್ಟನ್ನು ಮೇಲೆತ್ತಬೇಕಾಗುತ್ತದೆ. ಎತ್ತುವ ಮುಂಚೆ ಈಗಿನ ಎತ್ತರಕ್ಕೆ ಒಂದು ಸುತ್ತು ಟೇಪ್ ಅಂಟಿಸಿ. ಇಲ್ಲದಿದ್ದರೆ ಆಮೇಲೆ ಮಂಡಿ ನೋವು ಬಂದ ಮೇಲೆ ಎತ್ತರ ತಪ್ಪಿದ್ದು ಗೊತ್ತಾಗುತ್ತದೆ. ಪೋಸ್ಟಿನ ಮೇಲಿರುವ ಕನಿಷ್ಠ ಆಳದ ಗೆರೆ ಹೊರಗೆ ಬರುವಷ್ಟು ಎತ್ತಬೇಡಿ. ಎಲೆಕ್ಟ್ರಾನಿಕ್ ಗೇರ್ ಇರುವ ಕೆಲವು ಸೈಕಲ್ಲುಗಳಲ್ಲಿ ಬ್ಯಾಟರಿ ಸೀಟ್ ಪೋಸ್ಟಿನ ಒಳಗೇ ಇರುತ್ತದೆ. ಅಲ್ಲಿ ವೈರ್ ಎಳೆದುಹೋಗದಂತೆ ನಿಧಾನವಾಗಿ ಎತ್ತಿ.

ಪೋಸ್ಟ್ ಯಾವುದರಿಂದ ಮಾಡಿದ್ದು? ಅಲ್ಯೂಮಿನಿಯಂ, ಉಕ್ಕು ಆದರೆ ಚಿಂತೆಯಿಲ್ಲ. ದುಂಡಗಿನ ಕಾರ್ಬನ್ ಪೋಸ್ಟನ್ನು ಹದವಾಗಿ ಹಿಡಿಯಬಹುದು, ಆದರೆ ತಯಾರಕರ ಪುಸ್ತಕದಲ್ಲಿ ಬೇಡ ಎಂದಿದ್ದರೆ ಬೇಡ. ಕಾರ್ಬನ್ ಪೋಸ್ಟ್ ಹಿಡಿಯುವ ಬೋಲ್ಟಿನ ಮೇಲೆ ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ (ತಿರುಪುವ ಬಲದ ಅಳತೆ) ಸುಮಾರಿನ ಮಿತಿ ಬರೆದಿರುತ್ತದೆ. ಅಷ್ಟು ಸಣ್ಣ ಬಲವನ್ನೇ ಲೆಕ್ಕ ಇಡುವ ವಸ್ತು ಅದು. ಸ್ಟ್ಯಾಂಡಿನ ಕ್ಲಾಂಪಿನಲ್ಲಿ ಬಲ ತೋರಿಸುವ ಗುರುತು ಇರುವುದಿಲ್ಲ. ಜಾರದಷ್ಟು ಬಿಗಿದರೆ ಸಾಕು, ಅದಕ್ಕಿಂತ ಅರ್ಧ ಸುತ್ತೂ ಜಾಸ್ತಿ ಬೇಡ.

ಗುಡ್ಡಗಾಡಿನ ಸೈಕಲ್ಲುಗಳಲ್ಲಿ ಗುಂಡಿ ಒತ್ತಿದರೆ ಸೀಟು ಇಳಿಯುವ ಡ್ರಾಪರ್ ಪೋಸ್ಟ್ ಬರುತ್ತದೆ. ಅದರಲ್ಲಿ ಮೇಲಕ್ಕೂ ಕೆಳಕ್ಕೂ ಜಾರುವ ಹೊಳೆಯುವ ಭಾಗಕ್ಕೆ ಕ್ಲಾಂಪ್ ಹಾಕಬೇಡಿ. ಒಂದು ಸಣ್ಣ ಗೀರು ಬಿದ್ದರೂ ಒಳಗಿನ ಸೀಲ್ ಕೆಡುತ್ತದೆ. ಇದಕ್ಕೆ ಮೆಕ್ಯಾನಿಕ್‌ಗಳು ಮಾಡುವ ಒಂದು ಉಪಾಯ ನನಗೆ ತುಂಬ ಇಷ್ಟ: ಅದೇ ಅಳತೆಯ ಒಂದು ಹಳೆಯ ಅಲ್ಯೂಮಿನಿಯಂ ಪೋಸ್ಟ್ ಇಟ್ಟುಕೊಳ್ಳುತ್ತಾರೆ. ರಿಪೇರಿ ಹೊತ್ತಿಗೆ ಅದನ್ನು ಫ್ರೇಮಿಗೆ ಹಾಕಿ, ಅದನ್ನೇ ಕ್ಲಾಂಪಿಗೆ ಕೊಡುತ್ತಾರೆ. ಕಾರ್ಬನ್ ಪೋಸ್ಟ್ ಇರುವವರಿಗೂ ಇದೇ ಅತಿ ನಿಶ್ಚಿಂತೆಯ ದಾರಿ. ಡ್ರಾಪರಿನ ಕೇಬಲ್ ಫ್ರೇಮಿನೊಳಗೆ ಓಡುತ್ತಿದ್ದರೆ ಮಾತ್ರ ಅದನ್ನು ಪ್ರತಿ ಸಲ ಬಿಚ್ಚುವುದು ಕಷ್ಟ. ಅಂಥವರು ಪೋಸ್ಟನ್ನು ಸ್ವಲ್ಪ ಮೇಲೆತ್ತಿ, ಕೆಳಗಿನ ಜಾರದ ಭಾಗವನ್ನು ಹಿಡಿಸಬೇಕು.

ಕೊನೆಯದು, ಗಾಳಿ ಸೀಳಲೆಂದು ಚಪ್ಪಟೆ ಮಾಡಿದ ಪೋಸ್ಟ್. ವೇಗದ ರೋಡ್ ಬೈಕುಗಳಲ್ಲಿ ಇದು ಸಾಮಾನ್ಯ. ಸಾದಾ ಕ್ಲಾಂಪ್ ಇದರ ಅಂಚನ್ನು ಮಾತ್ರ ಕಚ್ಚುತ್ತದೆ. ಇದಕ್ಕೆ ಇನ್ನೊಂದು ಜಾತಿಯ ಸ್ಟ್ಯಾಂಡೇ ಸರಿ. ಒಂದು ಚಕ್ರ ಬಿಚ್ಚಿ, ಮುಂದಿನ ಚಕ್ರ ಹಿಡಿಯುವ ಫೋರ್ಕಿನ ತುದಿಯನ್ನೋ ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ಜಾಗವನ್ನೋ ಸ್ಟ್ಯಾಂಡಿಗೆ ಬಿಗಿದು, ಪೆಡಲ್ ತಿರುಗುವ ಬಾಟಮ್ ಬ್ರಾಕೆಟ್ಟನ್ನು ಒಂದು ತೊಟ್ಟಿಲಿನಂಥ ಆಸರೆಯ ಮೇಲೆ ಕೂರಿಸುತ್ತಾರೆ. ರೇಸ್ ತಂಡಗಳ ಮೆಕ್ಯಾನಿಕ್‌ಗಳು ಇದನ್ನೇ ಹೆಚ್ಚು ಬಳಸುವುದು. ಭಾರ ನೇರವಾಗಿ ಕೆಳಗೆ ಬೀಳುವುದರಿಂದ ಸೈಕಲ್ ಅಲ್ಲಾಡುವುದೇ ಇಲ್ಲ, ಯಾವ ಕೊಳವೆಯನ್ನೂ ಹಿಂಡುವುದಿಲ್ಲ. ಆದರೆ ಆಕ್ಸಲ್ ಅಳತೆ ಕೂಡಬೇಕು. ಲಿವರ್ ತಿರುಗಿಸಿ ಚಕ್ರ ಬಿಚ್ಚುವ ಹಳೆಯ ಕ್ವಿಕ್ ರಿಲೀಸ್ ಫೋರ್ಕಿಗೆ ಒಂದು ಅಡಾಪ್ಟರ್, ಫೋರ್ಕಿನ ತೂತಿನೊಳಗೆ ತೂರುವ 12 ಮಿಲಿಮೀಟರ್ ದಪ್ಪದ ಥ್ರೂ ಆಕ್ಸಲ್‌ಗೆ ಒಂದು, 15ಕ್ಕೆ ಇನ್ನೊಂದು. ಫೋರ್ಕಿನ ಅಗಲವೂ 100 ಮಿಲಿಮೀಟರ್ ಇರಬಹುದು, 110 ಇರಬಹುದು. ಬೇಕಾದ ಅಡಾಪ್ಟರ್ ಡಬ್ಬದಲ್ಲೇ ಬರುತ್ತದೆಯೇ, ಬೇರೆ ಕೊಳ್ಳಬೇಕೇ ಎಂದು ಕೇಳಿ. ಬಿಚ್ಚಿದ ಚಕ್ರದ ಬ್ರೇಕನ್ನು ಈ ಸ್ಟ್ಯಾಂಡಿನಲ್ಲಿ ಹೊಂದಿಸಲು ಆಗುವುದಿಲ್ಲ ಎಂಬುದೂ ನೆನಪಿರಲಿ.

ಮೂರನೇ ಹೆಜ್ಜೆ: ತೂಕ

ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ಮೊದಲು ನೀವೊಬ್ಬರೇ ನಿಲ್ಲಿ, ಆಮೇಲೆ ಸೈಕಲ್ ಎತ್ತಿಕೊಂಡು ನಿಲ್ಲಿ. ವ್ಯತ್ಯಾಸವೇ ಸೈಕಲ್ ತೂಕ. ಸಾಮಾನ್ಯ ಗೇರ್ ಸೈಕಲ್ 10ರಿಂದ 16 ಕಿಲೋ ತೂಗುತ್ತದೆ. ಕಬ್ಬಿಣದ ಹಳೆ ಸೈಕಲ್ 20ರ ಆಸುಪಾಸು. ಬ್ಯಾಟರಿ ಸೈಕಲ್ ಅದಕ್ಕಿಂತಲೂ ಜಾಸ್ತಿ ಇರಬಹುದು. ಸ್ಟ್ಯಾಂಡಿನ ಮಿತಿ ಇದಕ್ಕೆ ಸರಿಸಮ ಇದ್ದರೆ ಸಾಲದು. ಸ್ಪ್ಯಾನರ್ ಒತ್ತುವಾಗ ನಿಮ್ಮ ಕೈಯ ಬಲವೂ ಅದರ ಮೇಲೆ ಬೀಳುತ್ತದೆ. ಬ್ಯಾಟರಿ ಸೈಕಲ್ ಆದರೆ ಮೊದಲು ಬ್ಯಾಟರಿ ತೆಗೆದಿಡಿ, ಹಲವು ಕಿಲೋ ಅಲ್ಲೇ ಇಳಿಯುತ್ತದೆ. ಎದೆ ಎತ್ತರಕ್ಕೆ ಅದನ್ನು ಎತ್ತಲು ನಿಮ್ಮಿಂದ ಆಗುತ್ತದೆಯೇ ಎಂಬುದೂ ಒಂದು ಪ್ರಶ್ನೆಯೇ. ಹಾಗೆ ಎತ್ತಲು ಆಗದವರಿಗೆ ಕ್ಲಾಂಪನ್ನು ಬಹಳ ಕೆಳಕ್ಕೆ ಇಳಿಸಲು ಬರುವ ಸ್ಟ್ಯಾಂಡ್ ಬೇಕು.

ನಾಲ್ಕನೇ ಹೆಜ್ಜೆ: ಜಾಗ

ದೊಡ್ಡವರ ಸೈಕಲ್ ಸುಮಾರು 170ರಿಂದ 180 ಸೆಂಟಿಮೀಟರ್ ಉದ್ದ. ಅದರ ಸುತ್ತ ನೀವು ಓಡಾಡಬೇಕು. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಇದ್ದರೆ ಕೆಲಸ ಸಲೀಸು. ಬೆಂಗಳೂರಿನ ಫ್ಲಾಟುಗಳ ಬಾಲ್ಕನಿಯಲ್ಲಿ ಉದ್ದ ಸಿಕ್ಕರೂ ಅಗಲ ಸಿಗುವುದು ಕಷ್ಟ. ಜೊತೆಗೆ ನೀರು ಹರಿಯಲೆಂದು ನೆಲ ಸ್ವಲ್ಪ ಇಳಿಜಾರಾಗಿರುತ್ತದೆ, ಸ್ಟ್ಯಾಂಡ್ ವಾಲುತ್ತದೆ. ಪಾರ್ಕಿಂಗ್ ಜಾಗ ಅಥವಾ ತಾರಸಿ ವಾಸಿ. ಅಲ್ಲಿಗೆ ಪ್ರತಿ ಸಲ ಹೊತ್ತೊಯ್ಯಬೇಕಾದ್ದರಿಂದ ಮಡಚುವ, ಹಗುರವಾದ ಸ್ಟ್ಯಾಂಡ್ ಬೇಕು.

ಸ್ವಂತ ಮನೆಯಿದ್ದು, ಗ್ಯಾರೇಜಿನಲ್ಲೋ ವೆರಾಂಡದಲ್ಲೋ ಒಂದು ಗೋಡೆ ಬಿಟ್ಟುಕೊಡಬಹುದಾದರೆ ಗೋಡೆಗೆ ಕೂರಿಸುವ ಕ್ಲಾಂಪ್ ಒಳ್ಳೆಯದು. ಕಾಲೇ ಇಲ್ಲ, ಎಡವುವ ಮಾತಿಲ್ಲ. ಆದರೆ ಗೋಡೆ ಗಟ್ಟಿ ಇರಬೇಕು. ಗೋಡೆಯಿಂದ ದೂರ ಚಾಚಿದ ತೋಳಿಗೆ ಸೈಕಲ್ ತೂಗಿದಾಗ ಮೇಲಿನ ಬೋಲ್ಟು ಕಿತ್ತು ಬರುವಂತೆ ಎಳೆಯುತ್ತದೆ. ಕಾಂಕ್ರೀಟ್ ಕಂಬ ಸಿಕ್ಕರೆ ಅಲ್ಲೇ ಆಂಕರ್ ಬೋಲ್ಟ್ ಹಾಕಿಸಿ. ಟೊಳ್ಳು ಬ್ಲಾಕಿನ ಗೋಡೆ, ಕರಾವಳಿಯ ಮುರಕಲ್ಲಿನ ಗೋಡೆ ಆದರೆ ಮೊದಲು ಒಂದು ಮರದ ಹಲಗೆಯನ್ನು ಹಲವು ಕಡೆ ಬಿಗಿಸಿ, ಅದರ ಮೇಲೆ ಕ್ಲಾಂಪ್ ಕೂರಿಸುವುದು ಕ್ಷೇಮ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಇನ್ನೊಂದು ನೋಡಬೇಕು. ಮಳೆಗಾಲದಲ್ಲಿ ಬಣ್ಣ ಹೊಡೆದ ಉಕ್ಕಿನ ಸ್ಟ್ಯಾಂಡಿನ ಮಡಚುವ ಕೀಲುಗಳಿಗೆ ಮೊದಲು ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಸ್ಟ್ಯಾಂಡಿಗೆ ಕೊಡುವ ಹೆಚ್ಚಿನ ದುಡ್ಡು ಅಲ್ಲಿ ದಂಡವಲ್ಲ.

ಐದನೇ ಹೆಜ್ಜೆ: ಅಂಗಡಿಯಲ್ಲಿ ಕೈಯಾರೆ ನೋಡಿ

ಆಗುವುದಾದರೆ ಸೈಕಲ್ ತೆಗೆದುಕೊಂಡೇ ಹೋಗಿ. ನಾನು ಎಲ್ಲಕ್ಕಿಂತ ಮೇಲಿಡುವ ಪರೀಕ್ಷೆ ಒಂದೇ: ಒಂದು ಕೈಯಲ್ಲಿ ಸೈಕಲ್ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕ್ಲಾಂಪ್ ಮುಚ್ಚಲು ಬರಬೇಕು. ಮನೆಯಲ್ಲಿ ಕೆಲಸ ಮಾಡುವಾಗ ನೀವು ಒಬ್ಬರೇ ಇರುತ್ತೀರಿ. ತಿರುಪು ಸುತ್ತಿ ಸುತ್ತಿ ಮುಚ್ಚುವ ಕ್ಲಾಂಪ್ ಅಗ್ಗ, ಹದವೂ ಚೆನ್ನಾಗಿ ಸಿಗುತ್ತದೆ, ಆದರೆ ಮುಚ್ಚುವಷ್ಟರಲ್ಲಿ ಕೈ ಸೋಲುತ್ತದೆ. ತಳ್ಳಿದರೆ ಹತ್ತಿರ ಬಂದು, ಕೊನೆಗೆ ಸ್ವಲ್ಪ ತಿರುಪಿದರೆ ಬಿಗಿಯಾಗುವ ಕ್ಲಾಂಪ್ ಸಿಕ್ಕರೆ ಅದನ್ನೇ ಆರಿಸಿ. ತೆರೆಯುವಾಗಲೂ ಒಂದೇ ಕೈ ಸಾಕಾಗಬೇಕು, ಥಟ್ಟನೆ ಬಿಟ್ಟುಕೊಂಡು ಸೈಕಲ್ ಕೆಳಗೆ ಬೀಳಬಾರದು.

ಕ್ಲಾಂಪಿನ ತಲೆ ಸುತ್ತಲೂ ತಿರುಗಿ, ಬೇಕಾದಲ್ಲಿ ನಿಲ್ಲಬೇಕು. ಹ್ಯಾಂಡಲ್ ಮೇಲೆ ಮಾಡಿ ಬ್ರೇಕ್ ಬ್ಲೀಡ್ ಮಾಡುವಾಗ ಇದು ಬೇಕಾಗುತ್ತದೆ. ದವಡೆಯ ರಬ್ಬರ್ ಬೇರೆಯಾಗಿ ಸಿಗುತ್ತದೆಯೇ ಕೇಳಿ, ಮೊದಲು ಸವೆಯುವುದು ಅದೇ. ಬಿಗಿಯುವ ಜಾಗಗಳಲ್ಲಿ ಬರೀ ಪ್ಲಾಸ್ಟಿಕ್ ಇದೆಯೇ, ಒಳಗೆ ಲೋಹ ಇದೆಯೇ ನೋಡಿ. ಆಮೇಲೆ ಸೈಕಲ್ ಏರಿಸಿ ಪೆಡಲನ್ನು ಜೋರಾಗಿ ತಿರುಗಿಸಿ. ಸ್ವಲ್ಪ ತೂಗಾಡುವುದು ಸಹಜ. ಕಾಲು ನೆಲ ಬಿಟ್ಟೆದ್ದರೆ ಆ ಸ್ಟ್ಯಾಂಡ್ ಬೇಡ.

ಎತ್ತರಕ್ಕೆ ಜನ ಬೆಲೆ ಕೊಡುವುದು ಕಡಿಮೆ. ಇದು ಬೆನ್ನಿನ ವಿಷಯ. ಸೈಕಲ್ ಉಪಕರಣಗಳಿಗೆ ಹೆಸರಾದ ಪಾರ್ಕ್ ಟೂಲ್ ಕಂಪನಿ ಹುಟ್ಟಿದ್ದೇ ಇದರಿಂದ. ಅಮೆರಿಕದ ಮಿನೆಸೋಟ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ ಹವರ್ಡ್ ಹಾಕಿನ್ಸ್ ಮತ್ತು ಆರ್ಟ್ ಎಂಗ್‌ಸ್ಟ್ರಾಮ್ ಸೈಕಲ್ ಅಂಗಡಿ ನಡೆಸುತ್ತಿದ್ದರು. ಬಗ್ಗಿ ಬಗ್ಗಿ ರಿಪೇರಿ ಮಾಡಿ ಸಾಕಾಗಿ, ಕೈಗೆ ಸಿಕ್ಕ ಸಾಮಾನುಗಳಿಂದ ತಾವೇ ಒಂದು ಸ್ಟ್ಯಾಂಡ್ ಕಟ್ಟಿಕೊಂಡರು. ಅದರಿಂದ ಬೆಳೆದ ಕಂಪನಿ ತನ್ನ ಶುರುವಾತನ್ನು 1963ಕ್ಕೆ ಎಣಿಸುತ್ತದೆ. ನಿಂತು ಕೆಲಸ ಮಾಡುವಾಗ ಡಿರೈಲರ್ ನಿಮ್ಮ ಹೊಕ್ಕುಳ ಮಟ್ಟಕ್ಕೆ, ಕುತ್ತಿಗೆ ಬಗ್ಗಿಸದೆ ಕಾಣುವಂತೆ ಬರಬೇಕು. ಮನೆಯಲ್ಲಿ ಅತಿ ಎತ್ತರದವರು ಯಾರೋ ಅವರನ್ನು ನಿಲ್ಲಿಸಿ ನೋಡಿ.

ವಿದೇಶಿ ಹೆಸರಾಂತ ಸ್ಟ್ಯಾಂಡುಗಳ ಬೆಲೆ ಇಲ್ಲಿ ಒಂದು ಸಾಧಾರಣ ಗೇರ್ ಸೈಕಲ್ಲಿನ ಬೆಲೆಗೇ ಬಂದುಬಿಡಬಹುದು. ವಾರಾಂತ್ಯಕ್ಕೊಮ್ಮೆ ಚೈನ್ ತೊಳೆಯುವವರಿಗೆ ಅಷ್ಟು ಬೇಕಿಲ್ಲ. ಆದರೆ ಒಂದೇ ಅಪಾರ್ಟ್‌ಮೆಂಟಿನಲ್ಲಿ ನಾಲ್ಕಾರು ಜನ ಸೈಕಲ್ ಹೊಡೆಯುವವರಿದ್ದರೆ ಎಲ್ಲರೂ ಸೇರಿ ಒಂದು ಒಳ್ಳೆಯ ಸ್ಟ್ಯಾಂಡ್ ತಂದು ಪಾರ್ಕಿಂಗಿನಲ್ಲಿ ಇಡಬಹುದು. ನಾಲ್ಕು ಅಗ್ಗದ ಸ್ಟ್ಯಾಂಡಿಗಿಂತ ಅದು ಲೇಸು. ಅಲ್ಲಿ ಧೂಳು ತಿನ್ನುತ್ತಿರುವ ಮಕ್ಕಳ ಸೈಕಲ್ಲುಗಳಿಗೂ ಒಂದು ಗತಿ ಕಾಣುತ್ತದೆ.

ದುಡ್ಡು ಹಾಕಲು ಇಷ್ಟವಿಲ್ಲದಿದ್ದರೆ

ಹಳೆ ಮನೆಗಳ ತೊಲೆಯಲ್ಲಿ ತೊಟ್ಟಿಲಿಗೋ ಉಯ್ಯಾಲೆಗೋ ಹಾಕಿದ ಕೊಕ್ಕೆಗಳು ಇರುತ್ತವೆ. ಗಟ್ಟಿ ಇವೆ ಎಂದು ಜೋತು ಬಿದ್ದು ಖಚಿತ ಮಾಡಿಕೊಂಡು, ಎರಡು ಹಗ್ಗ ಇಳಿಬಿಡಿ. ಒಂದು ಸೀಟಿಗೆ, ಇನ್ನೊಂದು ಹ್ಯಾಂಡಲ್ ನಡುಭಾಗಕ್ಕೆ. ಹ್ಯಾಂಡಲಿನ ಹಗ್ಗ ಕೇಬಲ್, ಬ್ರೇಕ್ ಪೈಪುಗಳನ್ನು ಒತ್ತಬಾರದು. ಸೈಕಲ್ ತೂಗಾಡದಂತೆ ಕೆಳಗಿನಿಂದಲೂ ಒಂದು ದಾರ ಕಟ್ಟಿ ಕಿಟಕಿಯ ಸರಳಿಗೆ ಬಿಗಿಯಿರಿ. ನಮ್ಮ ಊರುಗಳ ಸೈಕಲ್ ಶಾಪಿನವರು ಸರಪಳಿ ಇಳಿಬಿಟ್ಟು ಮಾಡುವುದೂ ಇದನ್ನೇ. ಗೇರ್ ಹೊಂದಿಸಲು ಚೆನ್ನಾಗಿ ಆಗುತ್ತದೆ. ಫ್ಯಾನಿನ ಕೊಕ್ಕೆಗೆ ಮಾತ್ರ ಕೈ ಹಾಕಬೇಡಿ, ಅಲ್ಲಿ ವೈರ್ ಇರುತ್ತದೆ.

ವೆಲ್ಡಿಂಗ್ ಶಾಪಿನಲ್ಲಿ ಮಾಡಿಸುವುದಾದರೆ ಅಗಲವಾದ ಭಾರದ ತಳ, ಒಂದು ಜಿಐ ಪೈಪಿನ ಕಂಬ, ಮೇಲೆ ಬಡಗಿಯ ಕ್ಲಾಂಪ್ ಇಷ್ಟು ಸಾಕು. ದವಡೆಗೆ ಎರಡು ಮರದ ತುಂಡು. ಎರಡನ್ನೂ ಜೋಡಿಸಿ ಹಿಡಿದು, ಸೇರುವ ಗೆರೆಯ ಮೇಲೆ ಪೋಸ್ಟ್ ಅಳತೆಗಿಂತ ತುಸು ದೊಡ್ಡ ತೂತು ಕೊರೆಸಿ, ಒಳಗೆ ಹಳೆ ಟ್ಯೂಬಿನ ರಬ್ಬರ್ ಅಂಟಿಸಿ.

ಆರನೇ ಹೆಜ್ಜೆ: ಮೊದಲ ಸಲ ಏರಿಸುವಾಗ

ಸ್ಟ್ಯಾಂಡ್ ಮೂರು ಕಾಲಿನದಾದರೆ ಒಂದು ಕಾಲು ಸರಿಯಾಗಿ ಸೈಕಲ್ ಕೆಳಗೆ ಬರಬೇಕು. ಎರಡು ಕಾಲು ಕವಲಾಗಿ ಚಾಚುವಂಥದ್ದಾದರೆ ಕವಲು ಸೈಕಲ್ ಕಡೆಗೆ ತೆರೆದಿರಬೇಕು. ಸೈಕಲ್ ಭಾರ ಕಂಬದ ಒಂದೇ ಪಕ್ಕಕ್ಕೆ ಬೀಳುವುದರಿಂದ ಕಾಲು ಬೇರೆ ಕಡೆ ತಿರುಗಿದ್ದರೆ ಇಡೀ ಸ್ಟ್ಯಾಂಡ್ ಮಗುಚುತ್ತದೆ.

ಸೀಟಿನ ಕೆಳಗಿನ ಚೀಲ, ಹಿಂದಿನ ಲೈಟು ತೆಗೆಯಿರಿ. ಪೋಸ್ಟನ್ನು ಒರೆಸಿ, ಮರಳಿನ ಒಂದು ಕಣ ಉಳಿದರೂ ಗೀರುತ್ತದೆ. ಚೈನ್ ಇರುವ ಬಲಪಕ್ಕ ನಿಮ್ಮ ಕಡೆಗೆ, ಎಡಪಕ್ಕ ಕಂಬದ ಕಡೆಗೆ ಇರಲಿ. ಮಂಡಿ ಬಗ್ಗಿಸಿ, ಮೇಲಿನ ಕೊಳವೆ ಹಿಡಿದು ಎತ್ತಿ, ಪೋಸ್ಟನ್ನು ದವಡೆಯೊಳಗೆ ಇಟ್ಟು ಮುಚ್ಚಿ. ಕೈ ಬಿಡುವ ಮುಂಚೆ ಕೆಳಕ್ಕೆ ಒಮ್ಮೆ ಎಳೆದು ನೋಡಿ. ಮುಂದಿನ ಚಕ್ರ ಹೊರಳಿ ಫ್ರೇಮಿಗೆ ಬಡಿಯದಂತೆ ಹ್ಯಾಂಡಲನ್ನು ಒಂದು ಪಟ್ಟಿಯಿಂದ ಕಟ್ಟಿ. ಡಿಸ್ಕ್ ಬ್ರೇಕ್ ಇದ್ದು ಚಕ್ರ ಬಿಚ್ಚಿದರೆ ಲಿವರ್ ಒತ್ತಲೇಬೇಡಿ, ಪ್ಯಾಡುಗಳ ನಡುವೆ ಒಂದು ದಪ್ಪ ರಟ್ಟು ಸಿಕ್ಕಿಸಿ.

ಬಹಳ ಬಲ ಬೇಕಾದ ಕೆಲಸಗಳನ್ನು ಸ್ಟ್ಯಾಂಡಿನ ಮೇಲೆ ಮಾಡಬೇಡಿ. ಪೆಡಲ್ ಬಿಚ್ಚುವುದು, ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಬೋಲ್ಟ್ ಸಡಿಲಿಸುವುದು ಇಂಥವು. ಪೆಡಲನ್ನು ಸುಮಾರು 35ರಿಂದ 40 ನ್ಯೂಟನ್ ಮೀಟರ್ ಬಲದಲ್ಲಿ ಬಿಗಿದಿರುತ್ತಾರೆ, ತುಕ್ಕು ಹಿಡಿದಿದ್ದರೆ ಅದಕ್ಕೂ ಮೇಲೆ. ಅಷ್ಟು ಬಲಕ್ಕೆ ಪೋಸ್ಟ್ ಕ್ಲಾಂಪಿನೊಳಗೆ ತಿರುಗುತ್ತದೆ, ಇಲ್ಲವೇ ಸ್ಟ್ಯಾಂಡ್ ಉರುಳುತ್ತದೆ. ಸೈಕಲ್ ನೆಲದ ಮೇಲೆ ಎರಡೂ ಚಕ್ರ ಊರಿ ನಿಂತಿರುವಾಗಲೇ ಅವನ್ನು ಸಡಿಲಿಸಿಟ್ಟು, ಆಮೇಲೆ ಮೇಲೇರಿಸಿ. ಎಡಪೆಡಲಿನ ತಿರುಪಿನ ಸುತ್ತು ಉಲ್ಟಾ ಇರುತ್ತದೆ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಅದು ಬಿಚ್ಚುತ್ತದೆ.